ಹಾಡು ತುಂಬಿಕೊಡುತ್ತಿದ್ದ ಭೀಮ

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಎದುರು, ಬಳೆ ಅಂಗಡಿಗೂ ಬೇಕರಿಗೂ ನಡುವೆ, ಒಬ್ಬ ಮನುಷ್ಯ ಅಡ್ಡ ತಿರುಗಿದರೆ ಮೊಣಕೈ ಗೋಡೆಗೆ ತಾಗುವಂಥ ಇಕ್ಕಟ್ಟಿನ ಅಂಗಡಿಯೊಂದಿತ್ತು. ಹೆಸರು ಮಾಯಾ ಮ್ಯೂಸಿಕ್. ಮಾಯಾ ಅಂದರೆ ಯಾರೋ ಸಿನಿಮಾದವಳು ಎಂದುಕೊಂಡವರೇ ಹೆಚ್ಚು. ಅಲ್ಲ ಸ್ವಾಮಿ, ಅದು ಅಂಗಡಿಯವನ ಅವ್ವನ ಹೆಸರು. ಮಾಯಮ್ಮ ಹಳ್ಳಿಮೈಸೂರಿನ ಹತ್ತಿರದ ಕೇರಿಯವಳು. ಗಂಡ ಹುಚ್ಚಯ್ಯ ಬೇಗ ತೀರಿಕೊಂಡ ಮೇಲೆ ನಾಟಿ, ಕಳೆ, ಕೊಯ್ಲು ಅಂತ ಕಂಡವರ ಗದ್ದೆಯಲ್ಲಿ ಬಗ್ಗಿ ಇಬ್ಬರು ಮಕ್ಕಳನ್ನು ಸಾಕಿದಳು. ದೊಡ್ಡವನು ಭೀಮ. ಅವನಿಗಿಂತ ಹದಿನಾರು ವರ್ಷ ಚಿಕ್ಕವಳು ತೇಜಶ್ರೀ.

ಭೀಮ ಎಸ್ಸೆಸ್ಸೆಲ್ಸಿ ಮುಗಿಸಿ, ಹಾಸನದ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ ಕೈ ಪಳಗಿಸಿಕೊಂಡು, ತೊಂಬತ್ತೆರಡರಲ್ಲಿ ಈ ಅಂಗಡಿ ಹಾಕಿದ. ಕೆಲಸ ಹಾಡು ತುಂಬುವುದು. ನಿಮಗೆ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಂಜೆಯೊಳಗೆ ಕ್ಯಾಸೆಟ್ಟು ತಯಾರು. ಹಳೇ ಕ್ಯಾಸೆಟ್ಟು ತಂದರೂ ಅದರ ಮೇಲೇ ತುಂಬಿಕೊಡುತ್ತಿದ್ದ. ಕ್ಯಾಸೆಟ್ಟಿನ ಬೆನ್ನಿಗೆ ಒಂದು ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದರೆ ಅದರ ಮೇಲೆ ಬೇರೆ ಹಾಡು ಕೂರುವುದಿಲ್ಲ. ಮುರಿದ ತೂತಿಗೆ ಕಾಗದದ ಉಂಡೆ ತುರುಕಿದರೆ ಮತ್ತೆ ಕೂರುತ್ತದೆ. ದಿನಕ್ಕೆ ಹತ್ತು ತೂತಿಗೆ ಉಂಡೆ ತುರುಕುತ್ತಿದ್ದ ಭೀಮ ಅದರ ಕೆಳಗೆ ಮೊದಲು ಏನಿತ್ತು ಅಂತ ಕೇಳಿದವನಲ್ಲ. ತುಂಬಿದ ಮೇಲೆ ಮಾತ್ರ ಒಂದು ಶಿಸ್ತು ಇತ್ತು: ಕೊಡುವ ಮುಂಚೆ ತಲೆ, ನಡು, ಬಾಲ, ಮೂರು ಕಡೆ ಹಾಕಿ ನೋಡುತ್ತಿದ್ದ. ಮೂರೂ ಕಡೆ ಸದ್ದು ಸರಿಯಾಗಿದ್ದರೆ ಹಾಡೂ ಸರಿ. ಪದ ಏನು ಅಂತ ಅವನ ಕಿವಿ ಕೇಳುತ್ತಲೇ ಇರಲಿಲ್ಲ. ಬರೀ ಗುರ್ ಅನ್ನುತ್ತದೋ ಇಲ್ಲವೋ, ಅಷ್ಟೇ.

ಅವ್ವ ಸೋಬಾನೆಯವಳು. ಸುತ್ತಲ ಹತ್ತೂರಿನ ಕೇರಿಗಳಲ್ಲಿ ಮಾಯಮ್ಮ ಬಾರದೆ ಮದುಮಗಳಿಗೆ ಅರಿಶಿಣ ಹತ್ತುತ್ತಿರಲಿಲ್ಲ. ಸೋಬಾನೆಯ ರೀತಿ ಗೊತ್ತಲ್ಲ, ಒಬ್ಬಳು ಹೇಳುತ್ತಾಳೆ, ಮಿಕ್ಕವರು ಅದೇ ಸಾಲನ್ನು ಹಿಂದೆ ಹಾಡಿ ‘ಸೋ’ ಎನ್ನುತ್ತಾರೆ. ಹಿಂದೆ ಹಾಡುವವರು ಪದ ಕಲಿಯಬೇಕಿಲ್ಲ, ಮುಂದಿನವಳು ಇದ್ದೇ ಇರುತ್ತಾಳಲ್ಲ. ಮಾಯಮ್ಮನ ಪದಗಳಲ್ಲಿ ಅರ್ಧಕ್ಕರ್ಧ ಅವಳೇ ಕಟ್ಟಿದವು. ಗಂಡಸರು ಸೋಬಾನೆ ಹಾಡುವ ವಾಡಿಕೆಯೇ ಇಲ್ಲ. ‘ಹೆಂಗಸರ ಪದ ಗಂಡಸಿಗ್ಯಾಕ್ಲಾ’ ಅಂತ ಅವಳೇ ಭೀಮನನ್ನು ಚಪ್ಪರದಿಂದ ಆಚೆಗೆ ಅಟ್ಟುತ್ತಿದ್ದಳು.

ತೊಂಬತ್ತಾರರಲ್ಲಿ ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಯವರು ಜನಪದ ಹಾಡು ಹುಡುಕಿಕೊಂಡು ಬಂದರು. ಭೀಮನೇ ಅವ್ವನನ್ನು ಕರೆದುಕೊಂಡು ಹೋದ. ಹಾಸನದ ಒಂದು ಛತ್ರದ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ, ಹತ್ತು ಹಾಡು ಹಿಡಿದರು. ಕೊನೆಗೆ ಒಂದು ಕಾಗದ ಮುಂದಿಟ್ಟರು. ಮಾಯಮ್ಮ ಹೆಬ್ಬೆಟ್ಟು ಒತ್ತುವ ಮುಂಚೆ ಮಗನ ಮುಖ ನೋಡಿದಳು. ಮಗ ಓದಿದವನಲ್ಲವೇ! ಹೆಮ್ಮೆಯಿಂದ ಗಟ್ಟಿಯಾಗಿ ಓದಿದ: “ಸದರಿ ಗಾಯಕಿಯ ಧ್ವನಿಯಲ್ಲಿನ ಸಮಸ್ತ ಗೀತೆಗಳ ಹಕ್ಕು, ಈಗಿರುವ ಹಾಗೂ ಮುಂದೆ ಕಂಡುಹಿಡಿಯಲಾಗುವ ಎಲ್ಲಾ ಬಗೆಯ ಯಂತ್ರಗಳಿಗೂ ಅನ್ವಯಿಸುವಂತೆ, ಕಂಪನಿಗೆ ಸೇರತಕ್ಕದ್ದು.”

“ಮುಂದೆ ಕಂಡಿಡಿಯೋ ಯಂತ್ರ ಅಂದ್ರೆ ಯಾವ್ದು ಸಾ?” ಅಂತ ಕೇಳಿದ.

“ನಿನಗ್ಯಾಕಪ್ಪ ಆ ಚಿಂತೆ, ಅದಿನ್ನೂ ಹುಟ್ಟೇ ಇಲ್ಲ,” ಎಂದು ಕಂಪನಿಯವನು ನಕ್ಕ. ಭೀಮನೂ ನಕ್ಕ. ಅವ್ವ ಹೆಬ್ಬೆಟ್ಟು ಒತ್ತಿದಳು. ಸಾಕ್ಷಿಯ ಜಾಗದಲ್ಲಿ ಭೀಮ ಸೊಗಸಾಗಿ ಸಹಿ ಮಾಡಿದ. ಒಂದು ಸೀರೆ, ಹತ್ತು ಕ್ಯಾಸೆಟ್ಟು ಕೊಟ್ಟು ಕಳಿಸಿದರು. ಕ್ಯಾಸೆಟ್ಟಿನ ಮೇಲೆ ಕೊಡ ಹೊತ್ತ ಯಾವಳೋ ಬಿಳಿ ಹುಡುಗಿಯ ಚಿತ್ರ. ಮಾಯಮ್ಮನ ಹೆಸರು ಎಲ್ಲೂ ಇರಲಿಲ್ಲ. ಅವಳಿಗೆ ಅದರ ಬೇಜಾರೇನೂ ಆಗಲಿಲ್ಲ, ಆಮೇಲೆ ಹೋದ ಮದುವೆಗಳಲ್ಲಿ ಆ ಹತ್ತನ್ನೂ ಒಂದೊಂದಾಗಿ ಮುಯ್ಯಿ ಕೊಟ್ಟು ಬಂದಳು.

ತೊಂಬತ್ತೊಂಬತ್ತರಲ್ಲಿ ರೈಡ್ ಆಯಿತು. ಕಂಪನಿಗಳ ಕಡೆಯವರು ಎಂದು ಹೇಳಿಕೊಂಡ ನಾಲ್ಕು ಜನ ಜೀಪಿನಿಂದ ಇಳಿದರು. ಭೀಮ ಸಾಚಾ ಅಂತ ನಾನೇನೂ ಹೇಳುತ್ತಿಲ್ಲ. ಸಿನಿಮಾ ಹಾಡುಗಳನ್ನು ಯಾರನ್ನೂ ಕೇಳದೆ ತುಂಬಿ ಮಾರುತ್ತಿದ್ದದ್ದು ನಿಜ, ಅದು ತಪ್ಪೂ ಹೌದು. ಆದರೆ ತಪ್ಪಿಗೆ ಒಂದು ಅಳತೆ ಬೇಡವೇ? ಅವನ ಟೇಪ್‌ಡೆಕ್ಕನ್ನು ಅವನ ತಲೆಯ ಮೇಲೇ ಹೊರಿಸಿ, ಸಂತೆಯ ದಿನ, ನಡು ರಸ್ತೆಯಲ್ಲಿ ನಡೆಸಿಕೊಂಡು ಹೋದರು. ಅಷ್ಟು ಸಾಲದು ಅಂತ ಕೇರಿಗೂ ಹೋಗಿ ಮಾಯಮ್ಮನ ತಗಡಿನ ಪೆಟ್ಟಿಗೆಯನ್ನು ಅಂಗಳದಲ್ಲಿ ಸುರುವಿದರು. ಸೀರೆ, ಕುಪ್ಪಸ, ಎಲೆಅಡಿಕೆ ಚೀಲ ಎಲ್ಲಾ ಮಣ್ಣಿಗೆ ಬಿದ್ದವು. ‘ಏನ್ ಕದ್ದವ್ನೆ ನನ್ ಮಗ, ಏಳ್ರಪ್ಪಾ’ ಎಂದು ಅವಳು ಒಬ್ಬೊಬ್ಬರನ್ನೇ ಕೇಳುತ್ತಿದ್ದಳಂತೆ.  ಭೀಮ ಎರಡು ದಿನ ಬಿಟ್ಟು ಬಿಡುಗಡೆಯಾಗಿ ಬಂದ. ಆದರೆ ಅಂಗಡಿಯ ಮುಂದೆ ಜೀಪು ನಿಂತರೆ ಸಾಕು, ಅವನು ಅರ್ಧ ಶಟರ್ ಎಳೆಯುವುದು ಅಂದಿನಿಂದ ಶುರುವಾಯಿತು.

ಹೊಟ್ಟೆ ಕೇಳಬೇಕಲ್ಲ, ಅಂಗಡಿ ಮತ್ತೆ ತೆರೆದ. ಒಂದು ಒಳ್ಳೆಯ ಕೆಲಸವನ್ನೂ ಮಾಡಿದ. ಅಮಾವಾಸ್ಯೆಗೊಮ್ಮೆ ಶಟರ್ ಎಳೆದು, ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳ ಪದಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಂಡ. ಕಂಪನಿಯವರು ಹಿಡಿದ ಹತ್ತೂ ಸೇರಿ ನಾಲ್ಕು ವರ್ಷಕ್ಕೆ ನಲವತ್ತು ಪದ ಆದವು. ಕಂಪ್ಯೂಟರು ಬಂದ ಮೇಲೆ ನಲವತ್ತನ್ನೂ ಅದರೊಳಗಿಳಿಸಿ, ಒಂದು ಸಿ.ಡಿ.ಯನ್ನೂ ಮಾಡಿಟ್ಟು, ಇನ್ನು ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆ ಎಂದು ಹಳೆಯವನ್ನೆಲ್ಲ ಗುಜರಿಗೆ ಹಾಕಿದ.

ಎರಡು ಸಾವಿರದ ಆರರಲ್ಲಿ ಮಾಯಮ್ಮನ ಗಂಟಲಿಗೆ ಗೆಡ್ಡೆ ಬಂತು. ನಲವತ್ತು ವರ್ಷದ ಹೊಗೆಸೊಪ್ಪು ಬಿಟ್ಟೀತೇ? ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು, ದನಿ ಹೋಯಿತು. ಕೊರಳಿನ ಮುಂದೆ ಒಂದು ತೂತು, ಅದರಲ್ಲೇ ಉಸಿರು, ಅದರ ಮೇಲೊಂದು ಬಿಳಿ ಬಟ್ಟೆ. ಹತ್ತೂರಿನ ಮದುವೆಗಳನ್ನು ಹಾಡಿನಲ್ಲಿ ತೇಲಿಸಿದವಳು ಬೆಕ್ಕನ್ನು ‘ಛೀ’ ಎಂದು ಓಡಿಸಲೂ ಆಗದೆ ಮೂಲೆ ಸೇರಿದಳು.

ಆಗ ಭೀಮ ಹೆಬ್ಬೆರಳಿನಷ್ಟು ಗಾತ್ರದ ಎಂಪಿತ್ರೀ ಪ್ಲೇಯರ್ ತಂದು, ನಲವತ್ತು ಪದವನ್ನೂ ಅದಕ್ಕೆ ತುಂಬಿ, ಕರಿದಾರ ಪೋಣಿಸಿ ಅವ್ವನ ಕೊರಳಿಗೆ ಹಾಕಿದ. ಕಿವಿಗೆ ತಂತಿ ಸಿಕ್ಕಿಸಿ ಗುಂಡಿ ಒತ್ತಿದಾಗ ಅವಳು ಬೆಚ್ಚಿಬಿದ್ದಳು. ಆಮೇಲೆ ತುಟಿ ಅಲುಗಿಸತೊಡಗಿದಳು. ಒಳಗೆ ಅವಳೇ ಹಾಡುತ್ತಿದ್ದಳು, ಹೊರಗೆ ಅವಳೇ ತುಟಿ ಕೂಡಿಸುತ್ತಿದ್ದಳು. ರಾಗಿ ಮಾಡುವಾಗ, ಸೊಪ್ಪು ಬಿಡಿಸುವಾಗ ಅದೇ ನಡೆಯಿತು. ತೇಜಶ್ರೀ ನಗುವಳು, “ಅಣ್ಣ, ಅವ್ವ ನಮ್ಮನ್ನೆಲ್ಲ ಬುಟ್ಟು ಅವಳ ಜೊತೇಲೆ ಇರ್ತಾಳೆ ಕಣೋ.”

ಎರಡು ಸಾವಿರದ ಎಂಟರಲ್ಲಿ ತೇಜಶ್ರೀಗೆ ಅರಕಲಗೂಡಿನ ಒಬ್ಬ ಮೇಷ್ಟರೊಂದಿಗೆ ಮದುವೆ ಗೊತ್ತಾಯಿತು. ಮೇ ತಿಂಗಳಲ್ಲಿ ಲಗ್ನ. ಊರವರ ಮಕ್ಕಳಿಗೆಲ್ಲ ಹಾಡಿದವಳು ಹೆತ್ತ ಮಗಳಿಗೆ ಹಾಡುವ ಹಾಗಿಲ್ಲವಲ್ಲ ಎಂದು ಮಾಯಮ್ಮ ಕಣ್ಣೀರು ಹಾಕಿದಳು. ಭೀಮ ಅವಳ ಕೊರಳಿನ ಪ್ಲೇಯರನ್ನು ಎತ್ತಿ ತೋರಿಸಿದ.

“ಅಳಬ್ಯಾಡ ಕಣವ್ವ. ಇದ್ನ ಸ್ಪೀಕರ್‌ಗೆ ಸಿಗಾಕ್ತೀನಿ. ಅರಿಶಿಣದ ದಿನ ನೀನೇ ಆಡ್ತೀಯ, ಕೇರಿ ಪೂರ್ತಿ ಕೇಳ್ಬೇಕು ಅಂಗೆ. ಎಂಗುಸ್ರು ಇಂದೆ ಸೋ ಅಂತಾರೆ.”

ಅವಳು ಅವನ ಗಲ್ಲ ಸವರಿದಳು. ಅದು ಅವನು ಅವ್ವನಿಗೆ ಕೊಟ್ಟ ಮಾತು.

ಯುಗಾದಿಯ ಆಸುಪಾಸಿನಲ್ಲಿ ವಕೀಲ ಗಿರಿಧರ ಅಂಗಡಿಗೆ ಬಂದ. ಕೋಟೆ ಕಡೆಯ ಹಳೆಯ ಮನೆತನದವನು, ಒಳ್ಳೆಯವನು, ಆದರೆ ನಾಲಿಗೆಗೆ ತಮಾಷೆ ಜಾಸ್ತಿ. ಬೇಕರಿಯ ಬೆಂಚಿನ ಮೇಲೆ ಕೂತು ಪೇಪರು ಓದಿ ಹೇಳಿದ: “ಕೇಳಿದೆಯೇನಯ್ಯಾ ಭೀಮ, ಹಾಡಿನ ಹಕ್ಕಿನ ಕಾನೂನನ್ನ ಬಿಗಿ ಮಾಡ್ತಾರಂತೆ. ಡಿಸ್ಕಿಗೆ ಕಂಪನಿಯವರು ಹಾಕಿರೋ ಬೀಗ ಮುರಿದು ಪ್ಲೇಯರಿಗೆ ಹಾಡು ಇಳಿಸಿದರೆ ಎರಡು ವರ್ಷ ಜೈಲು. ಇನ್ಮೇಲೆ ಕಿವಿಗೆ ತಂತಿ ಸಿಕ್ಕಿಸಿಕೊಂಡವರನ್ನೆಲ್ಲ ರಸ್ತೇಲಿ ನಿಲ್ಲಿಸಿ, ಈ ಹಾಡಿಗೆ ಬಿಲ್ಲು ಎಲ್ಲಿ ಅಂತ ಕೇಳ್ತಾರೆ ನೋಡು!”

ಎಂದು ನಕ್ಕು, ಕೋರ್ಟಿಗೆ ಹೊತ್ತಾಯಿತೆಂದು ಎದ್ದು ಹೋದ. ತಮಾಷೆ ಎಲ್ಲಿ ಮುಗಿಯಿತು, ಪೇಪರು ಎಲ್ಲಿ ಮುಗಿಯಿತು ಎಂದು ಭೀಮನಿಗೆ ತಿಳಿಯಲಿಲ್ಲ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಅದೇ ವಾರ ಹಾಸನದಲ್ಲಿ ಎರಡು ಅಂಗಡಿ ರೈಡ್ ಆಯಿತೆಂದು ಬಸ್ಸಿನವರು ಹೇಳಿದರು. ಎರಡು ದಿನಕ್ಕೆ ಚನ್ನರಾಯಪಟ್ಟಣದಲ್ಲೂ ಆಯಿತೆಂದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಮನೆಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಆ ಹಳೇ ಕಾಗದ ತೆಗೆದು ಓದಿದ. ‘ಸದರಿ ಗಾಯಕಿಯ ಧ್ವನಿಯಲ್ಲಿನ ಸಮಸ್ತ ಗೀತೆಗಳು.’ ‘ಮುಂದೆ ಕಂಡುಹಿಡಿಯಲಾಗುವ ಎಲ್ಲಾ ಬಗೆಯ ಯಂತ್ರಗಳು.’ ಕೆಳಗೆ ಅವನದೇ ಸಹಿ. ಹುಟ್ಟಿಲ್ಲ ಎಂದಿದ್ದ ಯಂತ್ರ ಹುಟ್ಟಿ, ಅವ್ವನ ಕೊರಳಿನಲ್ಲಿ ನೇತಾಡುತ್ತಿತ್ತು. ಮದುವೆ ಇನ್ನು ಐದು ವಾರ. ಜೀಪಿನವರು ಮತ್ತೆ ಅಂಗಳಕ್ಕೆ ಬಂದರೆ, ಮಾತಾಡಲಾಗದ ಅವ್ವನ ಕೊರಳಿಗೆ ಕೈ ಹಾಕಿದರೆ, ಬೀಗರ ಮುಂದೆ ಅವಳನ್ನು ಜೀಪು ಹತ್ತಿಸಿದರೆ! 

ಅವನು ಯೋಚಿಸಿದ ರೀತಿಯನ್ನು ಕೇಳಿದರೆ ನೀವು ನಗುತ್ತೀರೋ ಅಳುತ್ತೀರೋ ನನಗೆ ಗೊತ್ತಿಲ್ಲ. ಹತ್ತು ಪದಗಳ ಅಸಲಂತೂ ಕಂಪನಿಯಲ್ಲಿದೆ, ಮದುವೆಗೆ ಅಷ್ಟು ಸಾಕು. ಕಳ್ಳಮಾಲು ಇಟ್ಟುಕೊಳ್ಳುವುದಕ್ಕಿಂತ ಬೆಂಗಳೂರಿಗೆ ಹೋಗಿ ಅವ್ವನ ಕ್ಯಾಸೆಟ್ಟನ್ನು ಬಿಲ್ಲು ಸಮೇತ ಕೊಂಡು ತರೋಣ. ಬಿಲ್ಲನ್ನು ಚಪ್ಪರದ ಕಂಬಕ್ಕೇ ಅಂಟಿಸೋಣ, ಯಾವನು ಕೇಳುತ್ತಾನೋ ಕೇಳಲಿ. ಹತ್ತು ವರ್ಷ ಕಳ್ಳ ಎನ್ನಿಸಿಕೊಂಡವನಿಗೆ ಆ ಬಿಲ್ಲಿನ ಆಸೆ ಎಷ್ಟಿತ್ತು ನೋಡಿ.

ಮಾರನೆಯ ದಿನ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಒರೆಸಿ ಹಾಕಿದ. ಸಿ.ಡಿ.ಯನ್ನು ಮಂಡಿಗೆ ಕೊಟ್ಟು ಮುರಿದ. ಅವ್ವ ಸ್ನಾನಕ್ಕೆ ಹೋದಾಗ ಗೂಟದಲ್ಲಿದ್ದ ಪ್ಲೇಯರನ್ನು ತಂದು ನಲವತ್ತು ಪದವನ್ನೂ ಅಳಿಸಿದ. ಅಳಿಸಿದ ಮೇಲೂ ಅಭ್ಯಾಸಬಲ ಬಿಡಲಿಲ್ಲ, ತಲೆ, ನಡು, ಬಾಲ ಮೂರೂ ಕಡೆ ಒತ್ತಿ ನೋಡಿದ. ಎಲ್ಲೂ ಸದ್ದಿರಲಿಲ್ಲ. ಅಯ್ಯೋ ಮಾರಾಯ, ಆ ಒಂದು ಸಿ.ಡಿ.ಯನ್ನಾದರೂ ರಾಗಿಯ ವಾಡೆಯೊಳಗೆ ಹೂತಿಟ್ಟಿದ್ದರೆ ಯಾರಪ್ಪ ಬಂದು ಹುಡುಕುತ್ತಿದ್ದ! ಆದರೆ ಹೆದರಿದವನಿಗೆ ವಾಡೆ ಎಲ್ಲಿ ಕಾಣುತ್ತದೆ.

ಮಾಯಮ್ಮ ತಲೆ ಒರೆಸಿಕೊಂಡು ಬಂದು ತಂತಿ ಸಿಕ್ಕಿಸಿಕೊಂಡಳು. ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಮಗನ ಮುಂದೆ ಹಿಡಿದು ಕರೆಂಟಿಗೆ ಹಾಕು ಎಂದು ಸನ್ನೆ ಮಾಡಿದಳು. ಭೀಮ ಹಾಕಿದ. ಬೆಳಗ್ಗೆ ಮತ್ತೆ ತಂದುಕೊಟ್ಟಳು. ಮತ್ತೆ ಹಾಕಿದ. ಹೀಗೆ ನಾಲ್ಕು ದಿನ ನಡೆಯಿತು. “ರಿಪೇರಿ ಆಗ್ಬೇಕು ಕಣವ್ವ, ಬೆಂಗ್ಳೂರ್ಗೆ ಓಗಿ ಬತ್ತೀನಿ,” ಎಂದು ಐದನೆಯ ದಿನ ಬಸ್ಸು ಹತ್ತಿದ.

ಕಾಗದದಲ್ಲಿದ್ದ ವಿಳಾಸದಲ್ಲಿ ಕಂಪನಿ ಇರಲಿಲ್ಲ. ಮೊಬೈಲು ಕವರು ಮಾರುವ ಅಂಗಡಿ ಇತ್ತು. ಪಕ್ಕದ ಜೆರಾಕ್ಸಿನ ಮುದುಕ ಹೇಳಿದ: “ಮುಚ್ಚಿ ಮೂರು ವರ್ಷ ಆಯ್ತಲ್ಲಪ್ಪ. ಮಾಸ್ಟರ್ ಟೇಪೆಲ್ಲ ಮೂಟೆ ಕಟ್ಟಿ ತೂಕಕ್ಕೆ ಹಾಕಿದ್ರು, ನಾನೇ ನೋಡ್ದೆ.”

ಭೀಮ ಅಲ್ಲೇ ಫುಟ್‌ಪಾತಿನ ಮೇಲೆ ಕುಳಿತುಬಿಟ್ಟ. ಕಾಗದ ಜೇಬಿನಲ್ಲಿತ್ತು. ಸಮಸ್ತ ಹಕ್ಕೂ ಅವರದೇ, ಆದರೆ ಆ ಅವರೇ ಇರಲಿಲ್ಲ.

ಊರಿಗೆ ಬಂದವನೇ ಗಿರಿಧರನ ಮನೆಗೆ ಹೋದ. ಗಿರಿಧರ ಕಾಗದ ಓದಿದ, ಎಲ್ಲ ಕೇಳಿದ, ಹಣೆ ಚಚ್ಚಿಕೊಂಡ.

“ಅಯ್ಯೋ ಭೀಮ, ಅದು ಬರೀ ಪ್ರಸ್ತಾಪ ಕಣಯ್ಯ! ಪಾರ್ಲಿಮೆಂಟಿನಲ್ಲಿ ಬಿಲ್ಲೇ ಇನ್ನೂ ಮಂಡನೆ ಆಗಿಲ್ಲ. ನಾಳೆ ಕಾನೂನೇ ಆದರೂ ಕೂಡ, ನಿಮ್ಮಮ್ಮ ಮನೇಲಿ ಕೂತು ತನ್ನ ಹಾಡು ತಾನು ಕೇಳಿದರೆ ಯಾರು ಜೈಲಿಗೆ ಹಾಕ್ತಾರೋ? ಅಳಿಸೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ನೀವೇ ಅಲ್ವಾ ಸಾ ಓದಿದ್ದು,” ಎಂದ ಭೀಮ.

ಗಿರಿಧರ ಕಾಗದವನ್ನು ಮಡಚಿ ಭೀಮನ ಕೈಗೆ ವಾಪಸು ಕೊಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು, ಇನ್ನೇನು ಮಾಡುವುದು.

ಮನೆಗೆ ಹೋಗಿ ಅವ್ವನ ಕಾಲ ಹತ್ತಿರ ಕುಳಿತು ಹೇಳಿದ. “ನಾನೇ ಅಳಿಸ್ಬುಟ್ಟೆ ಕಣವ್ವ. ಎದ್ರುಕೊಂಡು ಎಲ್ಲಾನೂ ಅಳಿಸ್ಬುಟ್ಟೆ. ಒಂದೂ ಇಲ್ಲ.” ಅವಳು ಅರ್ಥವಾಗದೆ ಅವನ ಮುಖ ನೋಡಿದಳು. ಅರ್ಥವಾದ ಮೇಲೆ ಕೊರಳಿನಿಂದ ಪ್ಲೇಯರು ತೆಗೆದು ನೆಲದ ಮೇಲಿಟ್ಟು ಗೋಡೆಯ ಕಡೆಗೆ ತಿರುಗಿ ಮಲಗಿದಳು. “ಬಯ್ಯವ್ವ, ಬಾಯ್ ತುಂಬ ಬಯ್ಯಿ,” ಎಂದು ಗೋಗರೆದ. ಬಯ್ಯಲಿಕ್ಕಾದರೂ ಅವಳಿಗೆ ದನಿ ಬೇಕಲ್ಲ. ಎರಡು ದಿನ ಗಂಜಿ ಮುಟ್ಟಲಿಲ್ಲ.

ಮೂರನೆಯ ದಿನ ಎದ್ದು ಮಗನ ತೋಳು ಜಗ್ಗಿದಳು. ಕೊಡ ಹೊತ್ತವಳ ಸನ್ನೆ ಮಾಡಿದಳು. ಮುಯ್ಯಿ ಕೊಟ್ಟಂತೆ ಕೈ ಚಾಚಿದಳು. ಆಮೇಲೆ ಮುಂಬಲ್ಲು ಮುಂದಕ್ಕೆ ಚಾಚಿ ತೋರಿಸಿದಳು. ತೇಜಶ್ರೀ ಕೂಗಿದಳು: “ಉಬ್ಬಲ್ಲು ಮಂಚಯ್ಯ ಕಣಣ್ಣ! ಮಲ್ಲಿಪಟ್ಟಣದ್ದು! ಅವುನ್ ಮದ್ವೇಲಿ ಅವ್ವ ಕ್ಯಾಸೆಟ್ ಕೊಟ್ಟಿತ್ತು!” ಮಾಯಮ್ಮ ಜೋರಾಗಿ ತಲೆ ಆಡಿಸಿದಳು. ಅಂದು ಗಂಜಿ ಕುಡಿದಳು.

ಭೀಮ ಮೊದಲು ಸಿಕ್ಕ ಬಸ್ಸಿಗೆ ಮಲ್ಲಿಪಟ್ಟಣಕ್ಕೆ ಹೋದ. ಮಂಚಯ್ಯ ಆಲೂಗೆಡ್ಡೆ ಹೊಲದಿಂದ ಮಣ್ಣುಗೈಯಲ್ಲೇ ಬಂದು ಅಟ್ಟ ಹತ್ತಿ ಹುಡುಕಿದ. ಕೊಡದ ಹುಡುಗಿಯ ಡಬ್ಬಿ ಸಿಕ್ಕಿತು! ಭೀಮ ಡಬ್ಬಿ ತೆರೆದ. ಒಳಗಿನ ಕ್ಯಾಸೆಟ್ಟಿಗೆ ಚೀಟಿ ಅಂಟಿಸಿ ಸಿನಿಮಾ ಹಾಡುಗಳ ಪಟ್ಟಿ ಬರೆದಿತ್ತು. ಅಕ್ಷರ ಯಾರದ್ದೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆನ್ನಿನ ತೂತಿನಲ್ಲಿ ಕಾಗದದ ಉಂಡೆ ಇತ್ತು.

“ನೀನೇ ತುಂಬ್ಕೊಟ್ಟಿದ್ದಲ್ವ ಭೀಮಣ್ಣ,” ಎಂದ ಮಂಚಯ್ಯ, ಏನೂ ಅರಿಯದೆ. “ಅದೇ, ರೈಡ್ ಆಯ್ತಲ್ಲ, ಅದಕ್ಕೂ ಮುಂಚೆ. ಹಳೇದ್ರ ಮೇಲೇ ತುಂಬ್ಕೊಡ್ತೀನಿ ತತ್ತಾ ಅಂದೆ. ಚೆನ್ನಾಗ್ ಬಂದಿತ್ತು.”

ಮಂಚಯ್ಯನ ಟೇಪ್‌ರೆಕಾರ್ಡರಿಗೆ ಹಾಕಿ ನೋಡಿದ. ತಲೆಯಲ್ಲಿ ಸಿನಿಮಾ ಹಾಡು. ನಡುವಿನಲ್ಲೂ ಅದೇ. ತಿರುವಿ ಎರಡನೆಯ ಮಗ್ಗುಲು ಹಾಕಿ, ಬಾಲದವರೆಗೆ ಓಡಿಸಿದ. ಕೊನೆಯ ಸಿನಿಮಾ ಹಾಡು ಟೇಪು ಮುಗಿಯುವುದಕ್ಕೆ ಒಂದಿಷ್ಟು ಮುಂಚೆಯೇ ಮುಗಿದಿತ್ತು. ಟಕ್ ಎಂದು ಸದ್ದಾಗಿ, ಅದರ ಕೆಳಗಿನಿಂದ ಮಾಯಮ್ಮ ಬಂದಳು:

‘ಹೊಸಲು ದಾಟುವ ಕಂದ ಹಿಂದಕ್ಕೆ ನೋಡಬ್ಯಾಡ
ಹೆತ್ತೋಳ ದನಿಯು...’

ಅಲ್ಲಿಗೆ ಟೇಪು ಮುಗಿಯಿತು. ಗಡಿಯಾರ ಹಿಡಿದು ನೋಡಿದ, ಹನ್ನೊಂದು ಸೆಕೆಂಡು. ಭೀಮ ಮಂಚಯ್ಯನ ಜಗುಲಿಯ ಮೇಲೆ ಬಿಕ್ಕಿ ಬಿಕ್ಕಿ ಅತ್ತ. ಮಂಚಯ್ಯ ಗಾಬರಿಯಿಂದ ನೀರು ತಂದುಕೊಟ್ಟ. ಮಿಕ್ಕ ಒಂಬತ್ತು ಕ್ಯಾಸೆಟ್ಟಿಗಾಗಿ ಹಳೇಕೋಟೆ, ಅರಕಲಗೂಡು ಎಂದು ಮದುವೆಯ ಹಿಂದಿನ ವಾರದವರೆಗೂ ಅಲೆದ. ಕೆಲವು ಕಳೆದುಹೋಗಿದ್ದವು, ಕೆಲವನ್ನು ಮಕ್ಕಳು ಟೇಪು ಎಳೆದು ಗಾಳಿಪಟಕ್ಕೆ ಕಟ್ಟಿದ್ದರು. ಮೂರರ ಬೆನ್ನಿನಲ್ಲಿ ಕಾಗದದ ಉಂಡೆ ಇತ್ತು. ಅವುಗಳ ಬಾಲದಲ್ಲೂ ಏನೂ ಉಳಿದಿರಲಿಲ್ಲ.

ಅರಿಶಿಣದ ದಿನ ಸಂಜೆ ಚಪ್ಪರ ತುಂಬಿತ್ತು. ಗೋಡೆಯ ಬುದ್ಧನ ಪಟಕ್ಕೆ ಹೂ ಹಾಕಿದ್ದರು. ತೇಜಶ್ರೀ ಚಾಪೆಯ ಮೇಲೆ, ಅವಳ ಎದುರಿಗೆ ಮಾಯಮ್ಮ. ಬೀಗರ ಕಡೆಯ ಹೆಂಗಸರೂ ಬಂದಿದ್ದರು. “ಎಲ್ಲಿ ಭೀಮಣ್ಣ, ನಿಮ್ಮವ್ವನ್ ಪದ ಆಕ್ತೀನಿ ಅಂದಿದ್ದೆ? ಆಕು ಮತ್ತೆ,” ಎಂದು ಕೇರಿಯವರು ಕೂಗಿದರು. ಭೀಮ ಸ್ಪೀಕರಿಗೆ ತಂತಿ ಸಿಕ್ಕಿಸಿ, ಬಾಲಕ್ಕೆ ತಂದಿಟ್ಟಿದ್ದ ಮಂಚಯ್ಯನ ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದ.

‘ಹೊಸಲು ದಾಟುವ ಕಂದ ಹಿಂದಕ್ಕೆ ನೋಡಬ್ಯಾಡ, ಹೆತ್ತೋಳ ದನಿಯು...’

ಎರಡು ವರ್ಷದಿಂದ ಕೇಳದ ದನಿ. ಹೆಂಗಸರು ಒಟ್ಟಿಗೆ ಹಿಂದೆ ಹಾಡಿದರು. ‘ಹೆತ್ತೋಳ ದನಿಯು’ ಎನ್ನುವಲ್ಲಿಗೆ ಬಂದು, ಮುಂದಿನದಕ್ಕೆ ಕಾದು ನಿಂತರು. ಸ್ಪೀಕರಿನಲ್ಲಿ ಏನೂ ಬರಲಿಲ್ಲ. ಮಾಯಮ್ಮನ ತುಟಿ ಮಾತ್ರ ನಿಲ್ಲಲಿಲ್ಲ. ಮಗಳ ಕೆನ್ನೆಗೆ ಅರಿಶಿಣ ಹಚ್ಚುತ್ತಾ ಮುಂದಿನ ಸಾಲನ್ನು ಹೇಳುತ್ತಲೇ ಇದ್ದಳು. ಕೊರಳಿನ ಬಿಳಿ ಬಟ್ಟೆ ಉಸಿರಿಗೆ ಎದ್ದು ಎದ್ದು ಬೀಳುತ್ತಿತ್ತು. ಹೆಂಗಸರು ಅವಳ ತುಟಿಯನ್ನೇ ನೋಡಿದರು. ಯಾರಿಗೂ ತಿಳಿಯಲಿಲ್ಲ.

ತೇಜಶ್ರೀ ಅರಿಶಿಣದ ಮುಖ ಎತ್ತಿ ಅಣ್ಣನನ್ನು ನೋಡಿದಳು. “ಮುಂದೆ ಏನಣ್ಣ? ಯೋಳೋ. ನೀನೇ ಅಲ್ವಾ ಎಲ್ಲಾನೂ ತುಂಬಿದ್ದು?”

ಭೀಮ ಆ ಪದವನ್ನು ನೂರು ಸಲ ಹಾಕಿ ನೋಡಿದ್ದ. ತಲೆಯಲ್ಲಿ ನೋಡಿದ್ದ, ನಡುವಿನಲ್ಲಿ ನೋಡಿದ್ದ, ಬಾಲದಲ್ಲಿ ನೋಡಿದ್ದ. ಸದ್ದು ಸರಿಯಾಗಿತ್ತು.

“ಗೊತ್ತಿಲ್ಲ ಕಣಮ್ಮಿ,” ಎಂದ.

ಮಾಯಮ್ಮ ಪದವನ್ನು ಕೊನೆಯವರೆಗೂ ಹೇಳಿದಳು. ಅವಳ ತುಟಿ ನಿಂತಾಗ, ಹಾಡು ಮುಗಿಯಿತೆಂದು ತಿಳಿದು ಹೆಂಗಸರು ‘ಸೋ’ ಎಂದು ಅರಿಶಿಣದ ಬಟ್ಟಲು ಎತ್ತಿಕೊಂಡರು.